ಮೂರು ವರ್ಷ ಮುಟ್ಟದ ಫ್ಲಟರ್ ಆ್ಯಪ್: ಹಳೇ ಲೈಬ್ರರಿಗಳನ್ನು ದಾರಿಗೆ ತರುವುದು ಹೇಗೆ?

2025ರ ಜುಲೈನಲ್ಲಿ ಪ್ಲೇ ಕನ್ಸೋಲ್‌ನಿಂದ (ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವವರಿಗೆ ಗೂಗಲ್ ಕೊಟ್ಟಿರುವ ತಾಣ) ಒಂದು ಮೇಲ್ ಬಂತು. ಆಗಸ್ಟ್ 31ರಿಂದ ಅಪ್‌ಡೇಟ್ ಹಾಕಬೇಕಾದರೆ ಆ್ಯಪ್ ಆಂಡ್ರಾಯ್ಡ್ 15ನ್ನು, ಅಂದರೆ ಎಪಿಐ 35ನ್ನು ಟಾರ್ಗೆಟ್ ಮಾಡಿರಬೇಕು ಅಂತ. ಟಾರ್ಗೆಟ್ ಅಂದರೆ ಆ್ಯಪ್ ಯಾವ ಆಂಡ್ರಾಯ್ಡ್ ವರ್ಷನ್‌ನ ನಿಯಮಕ್ಕೆ ಹೊಂದಿಸಿ ಮಾಡಿದ್ದು ಅಂತ ಹೇಳುವ ನಂಬರ್. ಯಾವ ಆ್ಯಪ್ ಅಂತ ನೋಡಿದೆ. 2022ರಲ್ಲಿ ನಮ್ಮ ಕಡೆಯ ಅಡಿಕೆ ಮಂಡಿಯೊಂದಕ್ಕೆ ಮಾಡಿಕೊಟ್ಟದ್ದು. ಮೂಟೆಯ ತೂಕ, ದರ, ಕಮಿಷನ್ ಹಾಕಿ, ಬ್ಲೂಟೂತ್ ಪ್ರಿಂಟರ್‌ನಲ್ಲಿ ಚೀಟಿ ಹೊಡೆದು ಕೊಡುವ ಸಣ್ಣ ಆ್ಯಪ್. ಚೆನ್ನಾಗಿ ನಡೀತಿತ್ತು, ಹಾಗಾಗಿ ಯಾರೂ ಮುಟ್ಟಿರಲಿಲ್ಲ. ಆಗ ಟಾರ್ಗೆಟ್ 30 ಇತ್ತು. 30ನ್ನು 35 ಮಾಡಿದರೆ ಮುಗೀತು ಅಂದುಕೊಂಡೆ. ಊಟಕ್ಕೆ ಮುಂಚೆ ಆಗುವ ಕೆಲಸ ಅಂತ ಮಂಡಿಯವರಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ.

ಹತ್ತು ದಿನ ಹಿಡೀತು.

ಅದರಲ್ಲಿ ಮೊದಲ ಮೂರು ದಿನ ಪೂರ್ತಿ ದಂಡ. ಎಲ್ಲ ಲೈಬ್ರರಿಗಳನ್ನೂ (ಆ್ಯಪ್‌ನೊಳಗೆ ಸೇರಿಸಿಕೊಂಡ, ಬೇರೆಯವರು ಬರೆದ ಕೋಡ್) ಒಂದೇ ಏಟಿಗೆ ಹೊಸದು ಮಾಡಲು ಹೋಗಿದ್ದೆ. ಯಾವ ಎರರ್ ಯಾವುದರಿಂದ ಬಂತು ಅಂತ ಹೇಳಲಾಗದ ಸ್ಥಿತಿಗೆ ಬಂದು, ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಿದೆ. ಎರಡನೇ ಸಲ ನಡೆದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಫ್ಲಟರ್ (ಡಾರ್ಟ್ ಭಾಷೆಯಲ್ಲಿ ಆ್ಯಪ್ ಮಾಡುವ ಗೂಗಲ್‌ನ ಸಾಧನ) ಮತ್ತು ಆಂಡ್ರಾಯ್ಡ್‌ನವು. ಬೇರೆ ಕಡೆ ಕಮಾಂಡ್ ಬದಲಾಗಬಹುದು, ಕೆಲಸದ ಕ್ರಮ ಅದೇ.

ಹೆಜ್ಜೆ 1: ಹಳೆಯದು ಹಳೆಯದಾಗಿಯೇ ಬಿಲ್ಡ್ ಆಗಲಿ

ಒಂದು ಸಾಲನ್ನೂ ಬದಲಿಸಬೇಡಿ. ಮೊದಲು ಆ್ಯಪ್ ಇದ್ದ ಹಾಗೆಯೇ ನಿಮ್ಮ ಇವತ್ತಿನ ಕಂಪ್ಯೂಟರ್‌ನಲ್ಲಿ ಬಿಲ್ಡ್ ಆಗಬೇಕು, ಅಂದರೆ ಕೋಡ್‌ನಿಂದ ಓಡುವ ಆ್ಯಪ್ ಹೊರಬರಬೇಕು. ಇದು ಆಗದಿದ್ದರೆ ಮುಂದೆ ಬರುವ ಎರರ್ ಹೊಸ ಲೈಬ್ರರಿಯದ್ದೋ ನಿಮ್ಮ ಮಷೀನಿನದ್ದೋ ಗೊತ್ತಾಗುವುದಿಲ್ಲ.

ನನ್ನ ಆ್ಯಪ್ ಫ್ಲಟರ್ 3.0ರ ಕಾಲದ್ದು. ಎಫ್‌ವಿಎಂ ಅನ್ನುವ ಟೂಲ್ ಇದೆ, ಒಂದೇ ಕಂಪ್ಯೂಟರ್‌ನಲ್ಲಿ ಬೇರೆ ಬೇರೆ ಫ್ಲಟರ್ ವರ್ಷನ್‌ಗಳನ್ನು ಇಟ್ಟುಕೊಳ್ಳಲು. ಅದರಲ್ಲಿ 3.0 ಹಾಕಿಕೊಂಡು ಬಿಲ್ಡ್ ಕೊಟ್ಟೆ. ಬಂದ ಎರರ್: ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’. ಇದನ್ನು ನೋಡಿ ಲೈಬ್ರರಿ ಹಾಳಾಗಿದೆ ಅಂದುಕೊಳ್ಳುವವರೇ ಜಾಸ್ತಿ. ಲೈಬ್ರರಿಗೂ ಇದಕ್ಕೂ ಸಂಬಂಧವೇ ಇಲ್ಲ. 65 ಅಂದರೆ ಜಾವಾ 21. ಹೊಸ ಆಂಡ್ರಾಯ್ಡ್ ಸ್ಟುಡಿಯೋ ಜೊತೆ ಜಾವಾ 21 ಬರುತ್ತದೆ, ಆಂಡ್ರಾಯ್ಡ್ ಬಿಲ್ಡ್ ನಡೆಸುವ ಹಳೇ ಗ್ರೇಡಲ್ 7.4ಕ್ಕೆ ಅದನ್ನು ಓದಲು ಬರುವುದಿಲ್ಲ. ಗ್ರೇಡಲ್‌ಗೆ ಜೆಡಿಕೆ 11ರ (ಜಾವಾ 11ರ ಕಿಟ್) ದಾರಿ ತೋರಿಸಿದ ಮೇಲೆ ಬಿಲ್ಡ್ ಆಯಿತು.

ಲಾಕ್ ಫೈಲ್ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಟೂಲ್) ಇದೆಯಾ ನೋಡಿ. ಬೇಕಾದ ಲೈಬ್ರರಿಗಳ ಪಟ್ಟಿಯಾದ ಪಬ್‌ಸ್ಪೆಕ್ ಫೈಲ್‌ನಲ್ಲಿ ಇರುವುದು ‘ಇಷ್ಟರೊಳಗೆ ಯಾವುದಾದರೂ ಸರಿ’ ಅನ್ನುವ ಬೇಡಿಕೆ. ನಿಜವಾಗಿ ಯಾವ ವರ್ಷನ್ ಬಂದು ಕೂತಿದೆ ಅನ್ನುವುದು ಪಬ್‌ಸ್ಪೆಕ್ ಲಾಕ್ ಫೈಲ್‌ನಲ್ಲಿ ಮಾತ್ರ ಇರುತ್ತದೆ. ಅದನ್ನು ಗಿಟ್‌ಇಗ್ನೋರ್‌ಗೆ (ಗಿಟ್ ದಾಖಲಿಸದೆ ಬಿಡುವ ಫೈಲ್‌ಗಳ ಪಟ್ಟಿ) ಹಾಕಿದ ಪುಣ್ಯಾತ್ಮರು ಈ ಹೆಜ್ಜೆಯಲ್ಲಿ ಬಹಳ ಅಳುತ್ತಾರೆ. ಬಿಲ್ಡ್ ಆದ ಕೂಡಲೇ ಒಂದು ಟ್ಯಾಗ್ ಹಾಕಿ. ದಾರಿ ತಪ್ಪಿದರೆ ವಾಪಸ್ ಬರುವ ಜಾಗ ಅದು.

ಇನ್ನೊಂದು ಕೆಲಸ ಇದೆ, ಬೇಜಾರಿನದ್ದು. ಆ್ಯಪ್ ಬಳಸುವವರು ದಿನಾ ಏನೇನು ಮಾಡುತ್ತಾರೋ ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ಹನ್ನೊಂದು ಸಾಲು ಇತ್ತು. ಲಾಗಿನ್, ಹೊಸ ರೈತನ ಹೆಸರು ಸೇರಿಸು, ಕನ್ನಡದಲ್ಲಿ ಹುಡುಕು, ತೂಕ ಹಾಕು, ಚೀಟಿ ಪ್ರಿಂಟ್ ಮಾಡು, ನೆಟ್ ಇಲ್ಲದೆ ಉಳಿಸು, ಹೀಗೆ. ಆಟೊಮೇಟೆಡ್ ಟೆಸ್ಟ್ ಇದ್ದರೆ ಒಳ್ಳೆಯದು. ಸಣ್ಣ ಆ್ಯಪ್‌ಗಳಲ್ಲಿ ಇರುವುದಿಲ್ಲ ಅಂತ ನಮಗಿಬ್ಬರಿಗೂ ಗೊತ್ತು, ಅಲ್ವಾ?

ಹೆಜ್ಜೆ 2: ಎಷ್ಟು ಹಳತಾಗಿದೆ ಅಂತ ನೋಡಿ

ಟರ್ಮಿನಲ್‌ನಲ್ಲಿ ‘ಫ್ಲಟರ್ ಪಬ್ ಔಟ್‌ಡೇಟೆಡ್’ ಹೊಡೆಯಿರಿ. ಪಬ್ ಅಂದರೆ ಲೈಬ್ರರಿಗಳನ್ನು ತಂದುಕೊಡುವ ಟೂಲ್. ಒಂದು ಕೋಷ್ಟಕ ಬರುತ್ತದೆ, ನಾಲ್ಕು ಕಾಲಂ. ‘ಕರೆಂಟ್’ ಅಂದರೆ ಈಗ ಇರುವುದು. ‘ಅಪ್‌ಗ್ರೇಡಬಲ್’ ಅಂದರೆ ಪಬ್‌ಸ್ಪೆಕ್ ಫೈಲ್ ಮುಟ್ಟದೆಯೇ ಹೋಗಬಹುದಾದ ವರ್ಷನ್. ‘ರಿಸಾಲ್ವಬಲ್’ ಅಂದರೆ ಪಬ್‌ಸ್ಪೆಕ್‌ನ ಮಿತಿಗಳನ್ನು ಸಡಿಲ ಮಾಡಿದರೆ, ಉಳಿದ ಲೈಬ್ರರಿಗಳ ಜೊತೆ ಜಗಳವಾಡದೆ ಎಲ್ಲಿವರೆಗೆ ಹೋಗಬಹುದು ಅನ್ನುವುದು. ‘ಲೇಟೆಸ್ಟ್’ ಅಂದರೆ ಪ್ರಪಂಚದಲ್ಲಿ ಇರುವ ಹೊಸದು.

ಎಲ್ಲರ ಕಣ್ಣೂ ಮೊದಲು ಲೇಟೆಸ್ಟ್ ಕಾಲಂಗೆ ಹೋಗುತ್ತದೆ. ನೋಡಬೇಕಾದದ್ದು ರಿಸಾಲ್ವಬಲ್. ರಿಸಾಲ್ವಬಲ್ ಮತ್ತು ಲೇಟೆಸ್ಟ್ ನಡುವೆ ಅಂತರ ಇದ್ದರೆ, ಆ ಲೈಬ್ರರಿಯನ್ನು ಬೇರೆ ಯಾವುದೋ ಹಿಡಿದು ಎಳೆಯುತ್ತಿದೆ ಅಂತ ಅರ್ಥ. ಯಾವುದು ಅಂತ ತಿಳಿಯಲು ‘ಫ್ಲಟರ್ ಪಬ್ ಡೆಪ್ಸ್’ ಕೊಡಿ. ಯಾರು ಯಾರನ್ನು ಕರೆತಂದರು ಅನ್ನುವ ವಂಶವೃಕ್ಷ ಬರುತ್ತದೆ. ನನ್ನ ಪಬ್‌ಸ್ಪೆಕ್‌ನಲ್ಲಿ ನಾನು ಬರೆದದ್ದು ಹದಿನಾಲ್ಕು ಪ್ಯಾಕೇಜ್ (ಇಲ್ಲಿ ಲೈಬ್ರರಿಗೆ ಇನ್ನೊಂದು ಹೆಸರು). ವೃಕ್ಷದಲ್ಲಿ ನೂರಕ್ಕೂ ಜಾಸ್ತಿ. ಮದುವೆಗೆ ಕರೆದದ್ದು ಹದಿನಾಲ್ಕು ಜನರನ್ನು, ಬಂದದ್ದು ಅವರ ಮನೆ ಮಂದಿಯೆಲ್ಲ.

ವರ್ಷನ್ ನಂಬರ್ ಹಿಂದಿನ ^ ಗುರುತು ಗೊತ್ತಿರಲಿ. ^1.2.3 ಅಂದರೆ 1.2.3ರಿಂದ ಶುರುವಾಗಿ 2.0.0ಕ್ಕಿಂತ ಕೆಳಗೆ ಯಾವುದಾದರೂ ಸರಿ. ಆದರೆ ಸೊನ್ನೆಯಿಂದ ಶುರುವಾದರೆ ಲೆಕ್ಕ ಬಿಗಿಯಾಗುತ್ತದೆ. ^0.17.0 ಅಂದರೆ 0.18.0ಕ್ಕಿಂತ ಕೆಳಗೆ ಮಾತ್ರ. ಇದು ಮುಂದೆ ಬೇಕಾಗುತ್ತದೆ.

ಹೆಜ್ಜೆ 3: ವಿಂಗಡಿಸಿ

ಮಂಡಿಯಲ್ಲಿ ಅಡಿಕೆ ಬಂದ ಕೂಡಲೇ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಮಾಡುತ್ತಾರೆ. ಒಂದೊಂದಕ್ಕೆ ಒಂದೊಂದು ದರ. ಹಳೇ ಲೈಬ್ರರಿಗಳೂ ಹಾಗೇ, ಎಲ್ಲ ಹಳೆಯದೂ ಒಂದೇ ಅಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದೊಂದೇ. ನಾನು ನಾಲ್ಕು ಗುಂಪು ಮಾಡಿದೆ.

ಮೊದಲ ಗುಂಪು, ತೂತು ಬಿದ್ದವು. ಭದ್ರತೆಯ ದೋಷ ಇರುವಂಥವು. ಇವನ್ನು ಇವತ್ತೇ ಬದಲಿಸಬೇಕು. ಇಲ್ಲಿ ಒಂದು ಹಳೇ ಕತೆ ಹೇಳಬೇಕು. ಗೂಗಲ್‌ನ ಪ್ಲೇ ಕೋರ್ ಲೈಬ್ರರಿಯಲ್ಲಿ ಸಿವಿಇ-2020-8913 ಅನ್ನುವ ದೋಷ ಇತ್ತು (ಸಿವಿಇ ಅಂದರೆ ಬಯಲಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ನಂಬರ್). ಫೋನಿನಲ್ಲಿರುವ ಬೇರೆ ಕೆಟ್ಟ ಆ್ಯಪ್ ನಿಮ್ಮ ಆ್ಯಪ್‌ನೊಳಗೆ ತನ್ನ ಕೋಡ್ ಓಡಿಸಬಹುದಿತ್ತು. 2020ರ ಏಪ್ರಿಲ್‌ನಲ್ಲೇ ಗೂಗಲ್ ಅದಕ್ಕೆ ತೇಪೆ ಹಾಕಿತು. ಆದರೆ ಅದು ಸರ್ವರ್‌ನಲ್ಲಿ ಹಾಕುವ ತೇಪೆ ಅಲ್ಲ. ಒಬ್ಬೊಬ್ಬ ಡೆವಲಪರ್ ತನ್ನ ಆ್ಯಪ್‌ನಲ್ಲಿ ಹೊಸ ಲೈಬ್ರರಿ ಹಾಕಿ ಮತ್ತೆ ಬಿಡುಗಡೆ ಮಾಡಬೇಕಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಪರಿಶೀಲಿಸಿದ ಪ್ಲೇ ಸ್ಟೋರ್ ಆ್ಯಪ್‌ಗಳಲ್ಲಿ 13% ಈ ಲೈಬ್ರರಿ ಬಳಸುತ್ತಿದ್ದವು. ಅವುಗಳಲ್ಲಿ 8% ಆಗಲೂ ತೂತಿರುವ ವರ್ಷನ್ನನ್ನೇ ಇಟ್ಟುಕೊಂಡಿದ್ದವು. ತೇಪೆ ಬಂದು ಐದು ತಿಂಗಳಾಗಿತ್ತು.

ನೀವು ನೇರವಾಗಿ ಬಳಸದ ಲೈಬ್ರರಿಯಿಂದಲೂ ತೂತು ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಅನ್ನುವ ಚಿತ್ರ ಬಿಚ್ಚುವ ಲೈಬ್ರರಿಯಲ್ಲಿ ದೊಡ್ಡ ದೋಷ ಸಿಕ್ಕಿತು, ಸಿವಿಇ-2023-4863. ನಿಮ್ಮ ಕೋಡ್‌ನಲ್ಲಿ ವೆಬ್‌ಪಿ ಅನ್ನುವ ಪದವೇ ಇಲ್ಲದಿರಬಹುದು. ಆದರೆ ಫ್ಲಟರ್ ಎಂಜಿನ್‌ನ ಹೊಟ್ಟೆಯೊಳಗೇ ಅದರ ಒಂದು ಪ್ರತಿ ಇರುತ್ತದೆ. ಫ್ಲಟರ್ ಎಸ್‌ಡಿಕೆಯನ್ನೇ, ಅಂದರೆ ಫ್ಲಟರ್‌ನ ಪೂರ್ತಿ ಕಿಟ್ಟನ್ನೇ, ಮೇಲೆ ತರದೆ ಆ ತೇಪೆ ಸಿಗುವುದಿಲ್ಲ. ಅಂದರೆ ಫ್ಲಟರ್ ಕೂಡ ಒಂದು ಡಿಪೆಂಡೆನ್ಸಿಯೇ, ಆ್ಯಪ್ ನೆಚ್ಚಿಕೊಂಡಿರುವ ಲೈಬ್ರರಿಗಳ ಹಾಗೆ. ಪಟ್ಟಿಯಲ್ಲಿ ಕಾಣಿಸುವುದಿಲ್ಲ ಅಷ್ಟೇ. ತೂತುಗಳನ್ನು ಹುಡುಕಲು ಗೂಗಲ್‌ನ ಒಎಸ್‌ವಿ-ಸ್ಕ್ಯಾನರ್ ಇದೆ, ಲಾಕ್ ಫೈಲ್ ಕೊಟ್ಟರೆ ಸಾಕು. ಪುಕ್ಕಟೆ.

ಎರಡನೇ ಗುಂಪು, ಸ್ಟೋರ್ ಬಾಗಿಲಲ್ಲಿ ತಡೆಯುವಂಥವು. 2025ರ ನವೆಂಬರ್ 1ರಿಂದ ಆಂಡ್ರಾಯ್ಡ್ 15 ಟಾರ್ಗೆಟ್ ಮಾಡುವ ಆ್ಯಪ್‌ಗಳು 16 ಕೆಬಿ ಮೆಮೊರಿ ಪೇಜ್‌ಗೆ (ಫೋನ್ ಮೆಮೊರಿಯನ್ನು ಹಂಚುವ ತುಂಡಿನ ಅಳತೆ) ಹೊಂದಬೇಕು ಅಂತ ಪ್ಲೇ ನಿಯಮ ತಂದಿತು. ಇದು ಸಿ, ಸಿ++ ಕೋಡ್ ಇರುವ ಲೈಬ್ರರಿಗಳಿಗೆ ಮಾತ್ರ ತಾಗುತ್ತದೆ: ಡೇಟಾಬೇಸ್, ಬಾರ್‌ಕೋಡ್, ಪಿಡಿಎಫ್, ಇಂಥವು. ಇಂಥ ನಿಯಮಗಳಿಗೆ ಗಡುವು ಇರುತ್ತದೆ, ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ.

ಮೂರನೇ ಗುಂಪು ಅನಾಥ ಲೈಬ್ರರಿಗಳು. ಕೊನೆಯ ಬಿಡುಗಡೆ ಆಗಿ ಎರಡು ವರ್ಷದ ಮೇಲಾಗಿದೆ, ಬಗ್‌ಗಳಿಗೆ ಉತ್ತರ ಇಲ್ಲ, ಪ್ಯಾಕೇಜ್‌ಗಳು ಸಿಗುವ ತಾಣವಾದ ಪಬ್ ಡೆವ್ ಪುಟದಲ್ಲಿ ‘ಡಿಸ್‌ಕಂಟಿನ್ಯೂಡ್’ ಹಣೆಪಟ್ಟಿ ಇದೆ. ಇವೇ ಜಾಸ್ತಿ ಕಾಡುವುದು. ಮುಂದೆ ಬೇರೆಯಾಗಿ ಹೇಳುತ್ತೇನೆ.

ನಾಲ್ಕನೆಯದು ಸುಮ್ನೆ ಹಳೆಯವು. ಕೆಲಸ ಮಾಡುತ್ತವೆ, ತೂತಿಲ್ಲ, ಸ್ಟೋರ್ ಬೈಯುವುದಿಲ್ಲ. ಇವನ್ನು ಕೊನೆಗೆ ಬಿಡಿ. ಹೊಸ ವರ್ಷನ್ ಬಂದಿದೆ ಅನ್ನುವುದೊಂದೇ ಕಾರಣಕ್ಕೆ ನಡೀತಿರುವ ಆ್ಯಪ್ ಅಲ್ಲಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಹೆಜ್ಜೆ 4: ಬೇಡದ್ದನ್ನು ತೆಗೆಯಿರಿ

ಅಪ್‌ಡೇಟ್ ಮಾಡುವುದಕ್ಕಿಂತ ಕಿತ್ತುಹಾಕುವುದು ಸುಲಭ. ನನ್ನ ಹದಿನಾಲ್ಕರಲ್ಲಿ ಮೂರು ಎಲ್ಲೂ ಬಳಕೆಯಲ್ಲೇ ಇರಲಿಲ್ಲ. ಇನ್ನೊಂದು ಟೋಸ್ಟ್ (ಪರದೆಯಲ್ಲಿ ಕ್ಷಣಕಾಲ ಮೂಡುವ ಸಂದೇಶ) ತೋರಿಸಲು ಇತ್ತು, ಫ್ಲಟರ್‌ನದ್ದೇ ಸ್ನ್ಯಾಕ್‌ಬಾರ್ ಸಾಕಾಗುತ್ತದೆ. ಮತ್ತೊಂದು ಪೂರ್ತಿ ಲೈಬ್ರರಿಯನ್ನು ನಾನು ತಂದದ್ದು ರೂಪಾಯಿಗೆ ಕೊಮಾ ಹಾಕಲು. ಆ ಕೆಲಸ ಇಂಟ್ಲ್ ಪ್ಯಾಕೇಜ್‌ನಿಂದಲೇ ಆಗುತ್ತಿತ್ತು, ಅದು ಹೇಗೂ ಒಳಗೆ ಇತ್ತು. ಐದು ಹೋಯಿತು. ಒಂಬತ್ತು ಉಳಿಯಿತು.

ಹೆಜ್ಜೆ 5: ಒಂದೊಂದೇ ಮೆಟ್ಟಿಲು ಹತ್ತಿ

‘ಫ್ಲಟರ್ ಪಬ್ ಅಪ್‌ಗ್ರೇಡ್’ ಜೊತೆ ‘ಮೇಜರ್ ವರ್ಷನ್ಸ್’ ಫ್ಲ್ಯಾಗ್ (ಕಮಾಂಡ್‌ಗೆ ಸೇರಿಸುವ ಆಯ್ಕೆ) ಕೊಟ್ಟರೆ ಎಲ್ಲವೂ ಒಂದೇ ಸಲ ರಿಸಾಲ್ವಬಲ್‌ಗೆ ಏರುತ್ತವೆ. ನನ್ನ ಮೂರು ದಿನ ಹಾಳಾದದ್ದು ಇಲ್ಲೇ. ತಿಂಗಳಿಗೊಮ್ಮೆ ನೋಡಿಕೊಳ್ಳುವ ಆ್ಯಪ್‌ಗೆ ಇದು ಚೆನ್ನ. ಮೂರು ವರ್ಷ ಮಲಗಿದ್ದಕ್ಕೆ ಬೇಡ.

ಮೊದಲು ಮಿತಿಯೊಳಗಿನ ಸಣ್ಣ ಅಪ್‌ಗ್ರೇಡ್‌ಗಳನ್ನು ಮುಗಿಸಿ. ಫ್ಲ್ಯಾಗ್ ಇಲ್ಲದ ಪಬ್ ಅಪ್‌ಗ್ರೇಡ್ ಅಷ್ಟನ್ನೇ ಮಾಡುತ್ತದೆ. ಹಾಳೆಯ ಹನ್ನೊಂದು ಸಾಲು ಪರೀಕ್ಷಿಸಿ, ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಆಮೇಲೆ ಫ್ಲಟರ್ ಎಸ್‌ಡಿಕೆ. ಇದನ್ನೂ ನಾನು ಮೂರು ಮೆಟ್ಟಿಲಲ್ಲಿ ಏರಿಸಿದೆ: 3.0ರಿಂದ 3.10, ಅಲ್ಲಿಂದ 3.24, ಆಮೇಲೆ 3.32. 3.10ರಲ್ಲಿ ನಿಲ್ಲಲು ಕಾರಣ ಇದೆ. ಅದರ ಜೊತೆ ಡಾರ್ಟ್ 3 ಬಂತು, 2023ರ ಮೇನಲ್ಲಿ. ನಲ್ ಸೇಫ್ಟಿ (ಖಾಲಿ ಮೌಲ್ಯದಿಂದ ಆಗುವ ತಪ್ಪನ್ನು ಮೊದಲೇ ಹಿಡಿಯುವ ಏರ್ಪಾಡು) ಇಲ್ಲದ ಪ್ಯಾಕೇಜ್‌ಗಳು ಅಲ್ಲಿಂದ ಮುಂದೆ ನಡೆಯುವುದೇ ಇಲ್ಲ. ಯಾವ ಪ್ಯಾಕೇಜ್‌ಗಳು ಸತ್ತಿವೆ ಅಂತ ಆ ಮೆಟ್ಟಿಲಲ್ಲಿ ತಾನಾಗಿ ಗೊತ್ತಾಗುತ್ತದೆ.

3.10ಕ್ಕೆ ಹೋದ ಕೂಡಲೇ ಪಬ್ ಹೀಗೆ ಕೂಗಿತು: ಎಸ್‌ಡಿಕೆಯ ಫ್ಲಟರ್ ಲೋಕಲೈಸೇಷನ್ಸ್‌ಗೆ ಇಂಟ್ಲ್ 0.18.0 ಬೇಕು, ನಿಮ್ಮ ಆ್ಯಪ್ ಕೇಳುತ್ತಿರುವುದು ^0.17.0, ವರ್ಷನ್ ಸಾಲ್ವಿಂಗ್ ಫೇಲ್. ಮೇಲೆ ಹೇಳಿದ ಸೊನ್ನೆಯ ಲೆಕ್ಕ ಇದೇ. ಇಂಟ್ಲ್‌ನ ವರ್ಷನ್ನನ್ನು ಎಸ್‌ಡಿಕೆ ಮೊಳೆ ಹೊಡೆದು ಕೂರಿಸಿರುತ್ತದೆ, ನಾವು ಅದಕ್ಕೆ ಹೊಂದಿಕೊಳ್ಳಬೇಕು. ನನ್ನ ಸಾಲನ್ನು ^0.18.0 ಮಾಡಿದೆ. ಇಂಥ ಪಬ್ ಎರರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಎರಡು ಸಾಲಲ್ಲಿ ಜಗಳ ಆಡುತ್ತಿರುವ ಇಬ್ಬರ ಹೆಸರೂ ಇರುತ್ತದೆ.

ಈ ಜಾಗದಲ್ಲಿ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ: ‘ಡಿಪೆಂಡೆನ್ಸಿ ಓವರ್‌ರೈಡ್ಸ್’ ಹಾಕಿ ಬಾಯಿ ಮುಚ್ಚಿಸೋಣ ಅಂತ. ಅದು ಜಗಳ ಬಿಡಿಸುವುದಿಲ್ಲ, ಪಬ್‌ನ ಕಿವಿಗೆ ಹತ್ತಿ ತುರುಕುತ್ತದೆ. ಲೈಬ್ರರಿ ಬರೆದವರು ಪರೀಕ್ಷಿಸದ ಜೋಡಿಯನ್ನು ನೀವು ಬಲವಂತವಾಗಿ ಕೂರಿಸುತ್ತಿದ್ದೀರಿ. ಒಂದು ಮಧ್ಯಾಹ್ನ ಮುಂದೆ ಹೋಗಲು ಹಾಕಿದರೆ ತಪ್ಪಿಲ್ಲ. ರಿಲೀಸ್‌ಗೆ ಮುಂಚೆ ತೆಗೆಯಿರಿ.

ಎಸ್‌ಡಿಕೆ ಕೂತ ಮೇಲೆ ಉಳಿದ ಪ್ಯಾಕೇಜ್‌ಗಳ ಮೇಜರ್ ವರ್ಷನ್‌ಗಳು, ಅಂದರೆ ನಂಬರಿನ ಮೊದಲ ಅಂಕಿಯೇ ಬದಲಾಗುವಂಥವು. ಒಂದು ಪ್ಯಾಕೇಜ್, ಒಂದು ಕಮಿಟ್. ಪ್ರತಿ ಸಲ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು ‘ಬ್ರೇಕಿಂಗ್’ ಅನ್ನುವ ಪದ ಹುಡುಕಿ. ಎರಡು ಮೇಜರ್ ವರ್ಷನ್ ಹಿಂದೆ ಇದ್ದರೆ ನಡುವಿನದ್ದನ್ನೂ ಓದಿ. ಬಳಕೆ ತಪ್ಪಿದ ಹೆಸರುಗಳನ್ನು ಸರಿಮಾಡಲು ‘ಡಾರ್ಟ್ ಫಿಕ್ಸ್’ ಇದೆ, ಅರ್ಧ ಕೆಲಸ ಅದೇ ಮಾಡುತ್ತದೆ. ಒಂದು ಕಮಿಟ್‌ಗೆ ಒಂದೇ ಪ್ಯಾಕೇಜ್ ಅನ್ನುವುದು ಅತಿ ಅನಿಸಬಹುದು. ವಾರದ ನಂತರ ಕನ್ನಡ ಹುಡುಕಾಟ ನಿಂತಿದೆ ಅಂತ ಗೊತ್ತಾದಾಗ, ‘ಗಿಟ್ ಬೈಸೆಕ್ಟ್’ (ಯಾವ ಕಮಿಟ್‌ನಲ್ಲಿ ಕೆಟ್ಟಿತು ಅಂತ ಹುಡುಕುವ ಕಮಾಂಡ್) ಹಾಕಿ ಐದು ನಿಮಿಷಕ್ಕೆ ಅಪರಾಧಿಯನ್ನು ಹಿಡಿದೆ.

ಹೆಜ್ಜೆ 6: ಆಂಡ್ರಾಯ್ಡ್ ಫೋಲ್ಡರ್ ಒಳಗೆ

ಡಾರ್ಟ್ ಕಡೆ ಎಲ್ಲ ಹಸಿರಾದ ಮೇಲೆ ಗ್ರೇಡಲ್ ಶುರು. ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ಕ್ಕೆ ಹೋಗಲು ಜೆಡಿಕೆ 17 ಮತ್ತು ಗ್ರೇಡಲ್ 8 ಬೇಕು. ಮೂರನ್ನೂ ಒಟ್ಟಿಗೆ ಎತ್ತಬೇಕು, ಒಂದನ್ನು ಬಿಟ್ಟರೆ ಇನ್ನೊಂದು ಏಳುವುದಿಲ್ಲ.

ಮೊದಲು ಸಿಗುವ ಎರರ್ ‘ನೇಮ್‌ಸ್ಪೇಸ್ ನಾಟ್ ಸ್ಪೆಸಿಫೈಡ್’. 8ನೇ ವರ್ಷನ್‌ನಿಂದ ಪ್ರತಿ ಮಾಡ್ಯೂಲ್ ತನ್ನ ನೇಮ್‌ಸ್ಪೇಸನ್ನು (ಕೋಡ್‌ನ ಗುರುತಿನ ಹೆಸರು) ಬಿಲ್ಡ್ ಫೈಲ್‌ನಲ್ಲೇ ಹೇಳಬೇಕು, ಮುಂಚಿನ ಹಾಗೆ ಮ್ಯಾನಿಫೆಸ್ಟ್‌ನಲ್ಲಿ ಬರೆದರೆ ಸಾಲದು. ಎರರ್‌ನಲ್ಲಿ ನಿಮ್ಮ ಆ್ಯಪ್ ಹೆಸರು ಬಂದರೆ ಒಂದು ಸಾಲಿನ ಕೆಲಸ. ಫ್ಲಟರ್ ಪ್ಲಗಿನ್ (ಫೋನಿನ ಸೌಲಭ್ಯಗಳನ್ನು ಬಳಸುವ ಪ್ಯಾಕೇಜ್) ಹೆಸರು ಬಂದರೆ ಆ ಪ್ಲಗಿನ್‌ನ ಹೊಸ ವರ್ಷನ್ ಹುಡುಕಿ. ಹೊಸದು ಇಲ್ಲದಿದ್ದರೆ ಅದು ಅನಾಥ.

ಹಳೇ ಬಿಲ್ಡ್ ಫೈಲ್‌ಗಳಲ್ಲಿ ಜೆಸೆಂಟರ್ ಅನ್ನುವ ಲೈಬ್ರರಿ ಭಂಡಾರದ ಹೆಸರು ಕಂಡರೆ ಅಳಿಸಿ, ಮೇವನ್ ಸೆಂಟ್ರಲ್ ಹಾಕಿ. ಜೆಸೆಂಟರ್ ಮುಚ್ಚುತ್ತೇವೆ ಅಂತ ಅದನ್ನು ನಡೆಸುವವರು 2021ರಲ್ಲೇ ಹೇಳಿದರು. ‘ಡುಪ್ಲಿಕೇಟ್ ಕ್ಲಾಸ್’ ಅಂತ ಕೋಟ್ಲಿನ್ (ಆಂಡ್ರಾಯ್ಡ್ ಕೋಡ್ ಬರೆಯುವ ಭಾಷೆ) ಹೆಸರಲ್ಲಿ ಬಂದರೆ ಹೆದರಬೇಡಿ. ಕೋಟ್ಲಿನ್ 1.8ರಲ್ಲಿ ಜೆಡಿಕೆ7, ಜೆಡಿಕೆ8 ಅನ್ನುವ ಎರಡು ತುಂಡುಗಳನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು. ಹಳೇ ತುಂಡು, ಹೊಸ ಲೈಬ್ರರಿ ಎರಡೂ ಒಳಗೆ ಬಂದಾಗ ಈ ಜಗಳ. ಕೋಟ್ಲಿನ್ ವರ್ಷನ್‌ಗಳನ್ನು ಸಮ ಮಾಡಿದರೆ ಹೋಗುತ್ತದೆ.

ಟಾರ್ಗೆಟ್ 35 ಮಾಡುವುದು ಇದೆಲ್ಲ ಆದ ಮೇಲೆ, ಬೇರೆಯೇ ಕಮಿಟ್‌ನಲ್ಲಿ. ಲೈಬ್ರರಿ ಬದಲಿಸಿದರೆ ಬಿಲ್ಡ್ ಫೇಲ್ ಆಗುತ್ತದೆ, ಟಾರ್ಗೆಟ್ ಬದಲಿಸಿದರೆ ಆ್ಯಪ್‌ನ ನಡತೆ ಬದಲಾಗುತ್ತದೆ. ಆಂಡ್ರಾಯ್ಡ್ 15ರಲ್ಲಿ ಆ್ಯಪ್ ಪರದೆಯ ಅಂಚಿನಿಂದ ಅಂಚಿಗೆ ಹರಡುತ್ತದೆ. ನನ್ನ ‘ಉಳಿಸಿ’ ಬಟನ್ ಅರ್ಧ ನ್ಯಾವಿಗೇಷನ್ ಬಾರ್ ಕೆಳಗೆ ಹೋಗಿ ಕೂತಿತ್ತು. ಫ್ಲಟರ್‌ನ ಸೇಫ್ ಏರಿಯಾ ವಿಜೆಟ್ ಸುತ್ತಿ ಮೇಲೆ ತಂದೆ.

ಹೆಜ್ಜೆ 7: ಅನಾಥ ಪ್ಲಗಿನ್‌ಗೆ ಏನು ಮಾಡುವುದು?

ನನ್ನ ಪ್ರಿಂಟರ್ ಪ್ಲಗಿನ್ ಬರೆದವರು 2021ರಲ್ಲೇ ಕೈ ಬಿಟ್ಟಿದ್ದರು. ಅವರನ್ನು ದೂರುವ ಹಾಗಿಲ್ಲ. ಪುಕ್ಕಟೆ ಕೊಟ್ಟದ್ದನ್ನು ನಾನು ಮೂರು ವರ್ಷ ತಿಂದಿದ್ದೆ. ಮೂರು ದಾರಿ ಇತ್ತು: ಬೇರೆ ಪ್ಲಗಿನ್, ನಾನೇ ಹೊಸದಾಗಿ ಬರೆಯುವುದು, ಅಥವಾ ಫೋರ್ಕ್, ಅಂದರೆ ಹಳೆಯದರ ನನ್ನದೇ ಪ್ರತಿ ಮಾಡಿಕೊಂಡು ತಿದ್ದುವುದು.

ಬೇರೆ ಪ್ಲಗಿನ್ ಹಾಕಿ ನೋಡಿದೆ. ಪ್ರಿಂಟ್ ಆಯಿತು, ಆದರೆ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹಳೆಯದು ಚೀಟಿಯನ್ನು ಚಿತ್ರ ಮಾಡಿ ಕಳಿಸುತ್ತಿತ್ತು, ಹೊಸದು ಬರೀ ಅಕ್ಷರ ಕಳಿಸುತ್ತಿತ್ತು. ರೈತನ ಹೆಸರೇ ಇಲ್ಲದ ಚೀಟಿ ಯಾರಿಗೆ ಬೇಕು? ಹಳೆಯದರ ಲೈಸೆನ್ಸ್ ಎಂಐಟಿ ಇತ್ತು, ಫೋರ್ಕ್ ಮಾಡಲು ಅಡ್ಡಿ ಇರಲಿಲ್ಲ. ಲೈಸೆನ್ಸ್ ನೋಡದೆ ಫೋರ್ಕ್ ಮಾಡಬೇಡಿ.

ಒಳಗೆ ಬದಲಿಸಿದ್ದು ಮೂರೇ ಜಾಗ. ಒಂದು, ನೇಮ್‌ಸ್ಪೇಸ್ ಸಾಲು. ಎರಡು, ‘ರಿಜಿಸ್ಟ್ರಾರ್’ ಬಳಸುವ ಹಳೇ ಫಂಕ್ಷನ್ ಅಳಿಸಿದೆ. ಫ್ಲಟರ್ 3.29ರಲ್ಲಿ ಆಂಡ್ರಾಯ್ಡ್‌ನ ಹಳೇ ವಿ1 ಎಂಬೆಡಿಂಗ್ (ಫ್ಲಟರನ್ನು ಆಂಡ್ರಾಯ್ಡ್‌ಗೆ ಜೋಡಿಸುವ ಕೋಡ್) ಪೂರ್ತಿ ತೆಗೆದರು, ಅದಕ್ಕೆ ‘ಸಿಂಬಲ್ ಸಿಗುತ್ತಿಲ್ಲ’ ಅನ್ನುವ ಎರರ್ ಬರುತ್ತಿತ್ತು. ಮೂರು, ಬ್ಲೂಟೂತ್ ಅನುಮತಿ. ಆಂಡ್ರಾಯ್ಡ್ 12ರಿಂದ ‘ಬ್ಲೂಟೂತ್ ಕನೆಕ್ಟ್’ ಅನುಮತಿಯನ್ನು ಬಳಸುವವರನ್ನೇ ಕೇಳಿ ಪಡೆಯಬೇಕು. ಟಾರ್ಗೆಟ್ 30 ಇದ್ದಷ್ಟು ದಿನ ಇದು ಅಡ್ಡ ಬಂದಿರಲಿಲ್ಲ. 35 ಮಾಡಿದ ಕೂಡಲೇ ಪ್ರಿಂಟ್ ಒತ್ತಿದರೆ ಆ್ಯಪ್ ಕ್ರ್ಯಾಷ್.

ಫೋರ್ಕನ್ನು ಪಬ್‌ಸ್ಪೆಕ್‌ನಲ್ಲಿ ಗಿಟ್ ವಿಳಾಸದಿಂದ ಸೇರಿಸುವಾಗ ಬ್ರಾಂಚ್ ಹೆಸರು ಕೊಡಬೇಡಿ, ಕಮಿಟ್ ಹ್ಯಾಶ್ (ಒಂದು ಕಮಿಟ್‌ನ ಗುರುತು) ಕೊಡಿ. ಬ್ರಾಂಚ್ ಮುಂದೆ ಓಡುತ್ತದೆ, ಹ್ಯಾಶ್ ನಿಂತಲ್ಲೇ ನಿಲ್ಲುತ್ತದೆ.

ಹೆಜ್ಜೆ 8: ರಿಲೀಸ್ ಬಿಲ್ಡ್ ಬೇರೆಯೇ ಪ್ರಾಣಿ

ಡಿಬಗ್‌ನಲ್ಲಿ (ಬರೆಯುವಾಗ ಪರೀಕ್ಷೆಗೆ ಬಳಸುವ ಬಿಲ್ಡ್) ಎಲ್ಲ ಸರಿ ಅಂತ ಖುಷಿಪಡುವ ಮುನ್ನ ರಿಲೀಸ್ ಬಿಲ್ಡನ್ನು ನಿಜವಾದ ಫೋನಿಗೆ ಹಾಕಿ. ಗ್ರೇಡಲ್ ಪ್ಲಗಿನ್ 8ರಿಂದ, ಕೋಡ್ ಕುಗ್ಗಿಸುವ ಟೂಲ್ ಆದ ಆರ್8 ತಾನಾಗಿಯೇ ‘ಫುಲ್ ಮೋಡ್’ನಲ್ಲಿ ಓಡುತ್ತದೆ. ಬಳಕೆಯಿಲ್ಲ ಅಂತ ತನಗೆ ಕಂಡದ್ದನ್ನೆಲ್ಲ ಕತ್ತರಿಸುತ್ತದೆ. ಜಿಸಾನ್ ಲೈಬ್ರರಿ ಒಳಗಿಟ್ಟುಕೊಂಡ ಪ್ಲಗಿನ್‌ಗಳು ‘ಮಿಸ್ಸಿಂಗ್ ಟೈಪ್ ಪ್ಯಾರಾಮೀಟರ್’ ಅಂತ ರಿಲೀಸ್‌ನಲ್ಲಿ ಮಾತ್ರ ಬಿದ್ದುಹೋಗುತ್ತವೆ. ಪ್ಲಗಿನ್‌ನ ರೀಡ್‌ಮಿಯಲ್ಲಿ ಪ್ರೊಗಾರ್ಡ್ ನಿಯಮ (ಇದನ್ನು ಕತ್ತರಿಸಬೇಡ ಅನ್ನುವ ಸೂಚನೆ) ಕೊಟ್ಟಿದ್ದರೆ ಅದನ್ನು ಸೇರಿಸಿ.

16 ಕೆಬಿ ಪರೀಕ್ಷೆಯನ್ನೂ ಇಲ್ಲೇ ಮುಗಿಸಿ. ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಸರ್‌ನಲ್ಲಿ ಲಿಬ್ ಫೋಲ್ಡರ್ ತೆರೆದರೆ ಹೊಂದದ ಫೈಲ್‌ಗಳ ಎದುರು ಎಚ್ಚರಿಕೆ ಕಾಣುತ್ತದೆ. ಅದು ನಿಮ್ಮದೇ ಸಿ++ ಕೋಡ್ ಆದರೆ ಎನ್‌ಡಿಕೆ (ಸಿ, ಸಿ++ ಬಿಲ್ಡ್ ಮಾಡುವ ಆಂಡ್ರಾಯ್ಡ್ ಕಿಟ್) ಆರ್28ರಲ್ಲಿ ಮತ್ತೆ ಬಿಲ್ಡ್ ಮಾಡಿ. ಬೇರೆಯವರ ಲೈಬ್ರರಿ ಆದರೆ ಅವರ ಹೊಸ ವರ್ಷನ್ ಬೇಕೇ ಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಇಂಟರ್ನಲ್ ಟೆಸ್ಟಿಂಗ್, ಅಲ್ಲಿಂದ ಸ್ವಲ್ಪ ಜನಕ್ಕೆ ಮಾತ್ರ ಹೋಗುವ ಸ್ಟೇಜ್ಡ್ ರೋಲ್‌ಔಟ್. ಪ್ಲೇ ಸ್ಟೋರ್‌ನಲ್ಲಿ ಹಿಂದಕ್ಕೆ ಬರುವ ಗುಂಡಿ ಇದೆ ಅಂತ ನಂಬಿ ಕೂರಬೇಡಿ. ಹೊಸ ವರ್ಷನ್ ಹಾಕಿಕೊಂಡವರ ಫೋನಿಗೆ ಹಳೆಯದು ವಾಪಸ್ ಹೋಗುವುದಿಲ್ಲ.

ಐಒಎಸ್ ಇದ್ದವರಿಗೆ ಎರಡೇ ಮಾತು. ಐಒಎಸ್ ಲೈಬ್ರರಿಗಳನ್ನು ತಂದುಕೊಡುವ ಕೊಕೊಪಾಡ್ಸ್‌ನ ಟ್ರಂಕ್ (ಅದರ ಭಂಡಾರ) 2026ರ ಡಿಸೆಂಬರ್ 2ರಿಂದ ಓದಲು ಮಾತ್ರ ಅಂತ ಅದನ್ನು ನಡೆಸುವವರೇ ಹೇಳಿದ್ದಾರೆ, ಸ್ವಿಫ್ಟ್ ಪ್ಯಾಕೇಜ್ ಮ್ಯಾನೇಜರ್ ಕಡೆ ಈಗಲೇ ಮುಖ ಮಾಡಿ. ಆ್ಯಪಲ್ ಪಟ್ಟಿ ಮಾಡಿದ ಎಸ್‌ಡಿಕೆಗಳಿಗೆ 2024ರ ಮೇ 1ರಿಂದ ಪ್ರೈವಸಿ ಮ್ಯಾನಿಫೆಸ್ಟ್ (ಯಾವ ಮಾಹಿತಿ ಬಳಸುತ್ತದೆ ಅಂತ ಹೇಳುವ ಫೈಲ್) ಕಡ್ಡಾಯ. ತೀರಾ ಹಳೇ ವರ್ಷನ್‌ಗಳಲ್ಲಿ ಅದು ಇರುವುದಿಲ್ಲ.

ಹೆಜ್ಜೆ 9: ಮತ್ತೆ ರಾಶಿ ಬೀಳದ ಹಾಗೆ

ಡಿಪೆಂಡಬಾಟ್ ಅಥವಾ ರೆನೊವೇಟ್ ಹಾಕಿ. ಹೊಸ ವರ್ಷನ್ ಬಂದಾಗ ಅದೇ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಲೇ ಅನ್ನುವ ಕೋರಿಕೆ) ತೆರೆಯುತ್ತದೆ. ದಿನಾ ಬರುವ ಹಾಗೆ ಇಟ್ಟರೆ ಎರಡನೇ ವಾರಕ್ಕೆ ನೋಡುವುದನ್ನೇ ಬಿಡುತ್ತೀರಿ. ನಾನು ತಿಂಗಳಿಗೊಮ್ಮೆ ಮಾಡಿದ್ದೇನೆ, ಭದ್ರತೆಯದ್ದು ಮಾತ್ರ ತಕ್ಷಣ. ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಬಿಲ್ಡ್ ಮಾಡಿ ನೋಡುವ ವ್ಯವಸ್ಥೆ) ‘ಪಬ್ ಗೆಟ್’ ಜೊತೆ ‘ಎನ್‌ಫೋರ್ಸ್ ಲಾಕ್‌ಫೈಲ್’ ಫ್ಲ್ಯಾಗ್ ಕೊಡಿ. ಲಾಕ್ ಫೈಲ್‌ಗೆ ಹೊಂದದ ವರ್ಷನ್ ಕದ್ದು ಒಳಗೆ ಬಂದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಇನ್ನೊಂದು, ಯಾವುದಾದರೂ ವರ್ಷನ್ನನ್ನು ಬೇಕೆಂದೇ ಹಿಂದೆ ನಿಲ್ಲಿಸಿದರೆ ಪಕ್ಕದಲ್ಲೇ ಕಾರಣ ಬರೆಯಿರಿ. ಪ್ರಿಂಟರ್ ಫೋರ್ಕ್‌ನ ಮೇಲೆ ಈಗ ನನ್ನ ಪಬ್‌ಸ್ಪೆಕ್‌ನಲ್ಲಿ ಹೀಗಿದೆ: ‘ಬದಲಿಸುವ ಮುಂಚೆ ಕನ್ನಡ ಚೀಟಿ ಪ್ರಿಂಟ್ ಮಾಡಿ ನೋಡು. ಇಂಗ್ಲಿಷ್ ಬಂದರೆ ಸಾಲದು. ರೈತನ ಹೆಸರಿಗೆ ಒತ್ತಕ್ಷರ ಇರಲಿ.’